ಮೂಗಿ ಬರೆದ ಸಾಲು

“ಫೋನ್ ತೆಗಿ. ಇಲ್ಲೇ, ನನ್ನ ಕಣ್ಣೆದುರಿಗೇ ತೆಗಿ,” ಎಂದ ಲಾಂಡ್ರಿಯ ಮಾಲೀಕ.

ಗಾಜಿನ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಇಸ್ತ್ರಿ ಮೇಜುಗಳ ಮುಂದೆ ನಿಂತವರೆಲ್ಲ ತಲೆ ತಗ್ಗಿಸಿ, ಕಿವಿ ಮಾತ್ರ ಅತ್ತ ಕೊಟ್ಟಿದ್ದರು. ಮಾತೇ ಆಡುವುದಿಲ್ಲವೆಂದು ಎಲ್ಲರೂ ಮೂಗಿ ಎಂದು ಕರೆಯುವ ಹುಡುಗಿ ದೊಡ್ಡ ಚಾದರದ ಎರಡು ಮೂಲೆ ಹಿಡಿದು ಒಬ್ಬಳೇ ನಿಂತಿದ್ದಳು. ಇನ್ನೆರಡು ಮೂಲೆ ಹಿಡಿದು ಜೊತೆಗೆ ಮಡಿಸಬೇಕಾದ, ಎಲ್ಲರೂ ಅಕ್ಕ ಎನ್ನುವ ಹಿರಿಯ ಕೆಲಸದವಳು ಒಳಗಿದ್ದಳು.

“ಚಾರ್ಜ್ ಇಲ್ಲ ಸಾರ್. ಬೆಳಿಗ್ಗೆನೇ ಕಣ್ಣು ಮುಚ್ತು.”

“ಚಾರ್ಜರ್ ಇದೆ, ಹಾಕು. ‘ಬೆಂಕಿ ಬಿದ್ರೆ ಬಟ್ಟೆಗಿಂತ ಮೊದ್ಲು ಇಸ್ತ್ರಿ ಆಗೋರು ನಾವೇ’ ಅಂತೆ! ಆ ಹೆಂಗಸರ ಗುಂಪಿಗೆ ಬೇರೆ ಹೆಸರಲ್ಲಿ ನಾನೂ ಸೇರ್ಕೊಂಡಿದೀನಿ, ಎಲ್ಲಾ ನನ್ನ ಫೋನಿಗೂ ಬರತ್ತೆ. ಅದನ್ನ ಓದ್ಕೊಂಡು ನಾಳೆ ತಪಾಸಣೆಯವ್ರು ಬರ್ತಿದಾರೆ. ಈ ಕೊಂಕು ನಿನ್ನ ಬಾಯಲ್ಲಲ್ದೆ ಇನ್ಯಾರ ಬಾಯಲ್ಲಿ ಬರತ್ತೆ? ನಿನ್ನ ಫೋನಲ್ಲಿ ಸಿಕ್ಲಿ, ಇವತ್ತೇ ಗಂಟುಮೂಟೆ ಕಟ್ಟಿಸ್ತೀನಿ.”

ಕೊಂಕು ಅಕ್ಕನದೇ. ದುಡಿಯುವ ಹೆಂಗಸರ ಆ ಆನ್‌ಲೈನ್ ಗುಂಪಿನಲ್ಲಿ ಹೆಸರು ಮರೆಮಾಡಿ ಬರೆಯಬಹುದಿತ್ತು. ಲಾಂಡ್ರಿಯ ಹಿಂಬಾಗಿಲಿಗೆ ಸರಪಳಿ ಸುತ್ತಿ ಬೀಗ ಜಡಿದ ಸಂಗತಿಯನ್ನು ಅಕ್ಕ ಹಾಗೆಯೇ ಬರೆದಿದ್ದಳು. ಮೂಗಿ ಮೊದಲ ಸಾಲಿಗೇ ಗುರುತು ಹಿಡಿದಿದ್ದಳು. ಆ ಗುಂಪಿನಲ್ಲಿ ಅವಳೂ ಇದ್ದಳು. ಯಾರದೋ ಗಂಡನ ಕುಡಿತ, ಯಾರದೋ ಮಗುವಿನ ಜ್ವರ, ಎಲ್ಲವನ್ನೂ ಬಾಗಿಲ ಸಂದಿನಿಂದ ನೋಡುವವಳಂತೆ ಓದಿ ಹಿಂದೆ ಸರಿಯುತ್ತಿದ್ದಳು. ಒಂದಕ್ಷರ ಬರೆದವಳಲ್ಲ. ಒಂದು ಮೆಚ್ಚುಗೆ ಒತ್ತಿದವಳೂ ಅಲ್ಲ.

ಅಕ್ಕ ಫೋನನ್ನು ಚಾರ್ಜರಿಗೆ ಸಿಕ್ಕಿಸಿದಳು. ಕಪ್ಪು ಪರದೆಯ ಮೇಲೆ ಮಾಲೀಕ ಬಗ್ಗಿ ನಿಂತ. ಮೂಲೆಯಲ್ಲಿ ಕೂತಿದ್ದ ಅವನ ಸೊಸೆ ಎಂದಿನಂತೆ ಬಿಲ್ಲುಗಳಿಂದ ತಲೆ ಎತ್ತಲಿಲ್ಲ. ಅವಳ ದನಿ ಹೇಗಿದೆಯೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕನ ಫೋನು ಸತ್ತಿರುವಾಗಲೇ ಅದೇ ಕೊಂಕಿನ ಇನ್ನೊಂದು ಸಾಲು ಗುಂಪಿನಲ್ಲಿ ಬಂದುಬಿಟ್ಟರೆ, ಬರೆದವಳು ಅವಳಲ್ಲ ಎಂದಾಗದೇ? ಮೂಗಿ ಚಾದರವನ್ನು ತೋಳ ಮೇಲೆ ಇಳಿಬಿಟ್ಟು, ಅದರ ಮರೆಯಲ್ಲಿ ತನ್ನ ಫೋನ್ ತೆಗೆದಳು. ಅಕ್ಷರ ತಪ್ಪಿತು. ಅಳಿಸಿದಳು, ಮತ್ತೆ ಬರೆದಳು: ‘ಹಿಂಬಾಗಿಲಿಗೆ ಇನ್ನೂ ಬೀಗ. ಇಲ್ಲಿ ಹೊರಗೆ ಹೋಗೋಕೆ ಹಬೆಗೆ ಮಾತ್ರ ಅಪ್ಪಣೆ.’

ಮಾಲೀಕನ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಅವನು ಓದಿದ. ಅಕ್ಕನ ಕಪ್ಪು ಪರದೆಯನ್ನು ನೋಡಿದ. ಮತ್ತೆ ಓದಿದ. ಆಮೇಲೆ ಒಂದು ಹೆಸರನ್ನು ಗಟ್ಟಿಯಾಗಿ ಕರೆದ.

ಅದು ತನ್ನದೇ ಹೆಸರೆಂದು ಹೊಳೆಯಲು ಮೂಗಿಗೆ ಒಂದು ಗಳಿಗೆ ಬೇಕಾಯಿತು. ಹೆಸರು ಮರೆಮಾಡಲು ಕಳಿಸುವ ಮೊದಲೇ ಬೇರೊಂದು ಗುಂಡಿ ಒತ್ತಬೇಕಿತ್ತು. ಎಂದೂ ಬರೆಯದವಳಿಗೆ ಅದು ಗೊತ್ತಿರುವುದಾದರೂ ಹೇಗೆ?

“ಎಲ್ಲಾ ನೀನೇನಾ?” ಮಾಲೀಕ ಹೊರಗೆ ಬಂದ.

“ಸಾರ್, ಆ ಮಗುಗೆ ಏನೂ...” ಅಕ್ಕ ಹಿಂದೆಯೇ ಓಡಿ ಬಂದಳು.

“ಹೌದು, ನಾನೇ,” ಎಂದಳು ಮೂಗಿ.

ಇಸ್ತ್ರಿ ಮೇಜಿನವರು ತಿರುಗಿ ನೋಡಿದರು. ಯಾರೋ ಮರೆತಿಟ್ಟ ಇಸ್ತ್ರಿಪೆಟ್ಟಿಗೆಯಡಿ ಬಟ್ಟೆ ಸೀದ ವಾಸನೆ ಬಂತು.

“ಬಾಯಿಲ್ಲದೋಳು ಅಂತ ಕೆಲ್ಸ ಕೊಟ್ರೆ... ನಡಿ ಮನೆಗೆ! ನಾಳೆ ಅವ್ರು ಬರೋಹೊತ್ಗೆ ಬಾಗಿಲು ತೆಗ್ದಿರತ್ತೆ. ನಿನ್ನೊಬ್ಬಳ ಮಾತನ್ನ ಯಾರು ನಂಬ್ತಾರೆ?”

ಅವನ ಕೈಯಲ್ಲಿ ಫೋನು ಮತ್ತೆ ಟಿಂಗ್ ಎಂದಿತು. ಮೂಗಿಯ ಸಾಲಿನ ಕೆಳಗೆ ಯಾರೋ ಉತ್ತರ ಬರೆದಿದ್ದರು. ಸಿಟ್ಟಿನ ಭರದಲ್ಲಿ ಅದನ್ನೂ ಗಟ್ಟಿಯಾಗಿಯೇ ಓದಿದ:

“‘ನಿಜ. ಆ ಬೀಗದ ಕೀ ನನ್ನ ಹತ್ರಾನೇ ಇರತ್ತೆ.’”

ಬರೆದವರ ಹೆಸರನ್ನು ಮಾತ್ರ ಓದಲಿಲ್ಲ. ನಿಧಾನವಾಗಿ ಗಾಜಿನ ಕೋಣೆಯತ್ತ ತಿರುಗಿದ. ಸೊಸೆ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು.