ಎದುರಾಳಿಯ ದಿಕ್ಕು

ಬೆಳ್ಳಗಿರಬೇಕಾದ ತಟ್ಟೆಯಲ್ಲಿ ಹಳದಿ ಹನಿಗಳು! ಕಿರಿಯ ಸಂಶೋಧಕಿ ಕಣ್ಣುಜ್ಜಿಕೊಂಡಳು. ಪ್ರಯೋಗಕ್ಕೆಂದು ಅದರಲ್ಲಿ ಬೆಳೆಸಿದ್ದ ಶಿಲೀಂಧ್ರ ಹಳದಿ ಔಷಧ ಒಸರುತ್ತಿದ್ದದ್ದು ಪಕ್ಕದಲ್ಲಿ ರೋಗಾಣುವನ್ನೂ ಬೆಳೆಸಿದಾಗ ಮಾತ್ರ. ಈ ತಟ್ಟೆಯಲ್ಲೋ ಶಿಲೀಂಧ್ರವೊಂದೇ ಇತ್ತು.

“ಇದೂ ನಮ್ಮತ್ತೆ ಥರಾನೇ ಕಣೇ, ಜಗಳಕ್ಕೆ ಯಾರಾದ್ರೂ ಸಿಕ್ರೇನೇ ಹುರುಪು,” ಎಂದು ನಕ್ಕಳು, ಲ್ಯಾಬಿನವರೆಲ್ಲ ಅಕ್ಕ ಎಂದು ಕರೆಯುವ ಹಿರಿಯಳು. “ಮುಚ್ಚಳ ತೆಗೆದು ಏನಾದ್ರೂ ಬೀಳಿಸಿದ್ಯಾ?”

“ಇಲ್ಲಕ್ಕ, ಸುತ್ತಿದ ಟೇಪು ಹಾಗೇ ಇದೆ ನೋಡಿ.” ಹೇಳುತ್ತಲೇ ಅವಳಿಗೆ ಕೆಮ್ಮು ಬಂತು. “ಥೂ, ಈ ಧೂಳು.”

ಹನಿಗಳಿದ್ದದ್ದು ಒಂದೇ ಅಂಚಿನಲ್ಲಿ, ಅವಳ ಕುರ್ಚಿಯ ಕಡೆಗೆ. ಅಕ್ಕ ತಮಾಷೆಗೆಂದು ತಟ್ಟೆಯನ್ನು ತಿರುಗಿಸಿಟ್ಟಳು. ಇಬ್ಬರೂ ನೋಡುತ್ತಿದ್ದಂತೆ, ಒಣಗಿದ್ದ ಈಚೆಯ ಅಂಚು ಬೆವರತೊಡಗಿತು. ಸಾಸಿವೆ ಗಾತ್ರದ ಹನಿಗಳು ಒಂದೊಂದಾಗಿ ಮತ್ತೆ ಅವಳ ಕಡೆಗೇ ಮೂಡಿದವು.

“ಏಳು, ಆ ಕಡೆ ಹೋಗಿ ಕೂತ್ಕೋ.” ಅಕ್ಕನ ದನಿಯಲ್ಲಿ ಈಗ ನಗೆಯಿರಲಿಲ್ಲ. ಕಿರಿಯಳು ಮೇಜಿನ ಆಚೆ ಬದಿಗೆ ಹೋಗಿ ಕೂತಳು. ಅವಳ ಕುರ್ಚಿಯಲ್ಲಿ ಅಕ್ಕ ಕೂತು ತಟ್ಟೆಯ ಮೇಲೆ ಬಾಗಿದಳು. ಅಕ್ಕನ ಕಡೆಗೆ ಹೊಸ ಹನಿಯೊಂದೂ ಬರಲಿಲ್ಲ. ಆಚೆಯ ಅಂಚಿನಲ್ಲಿ, ಅವಳೆದುರಿಗೆ, ಹನಿಗಳು ಕೂಡಿ ಮುಚ್ಚಳದೊಳಗೇ ಧಾರೆಗಟ್ಟಿದವು.

“ಅಕ್ಕಾ, ಇಲ್ಲಿ ನನ್ನ ಬಿಟ್ರೆ ಇನ್ನೇನೂ ಇಲ್ವಲ್ಲ?” ಎಂದು ಕೇಳುವಷ್ಟರಲ್ಲಿ ಅವಳಿಗೆ ಮತ್ತೆ ಕೆಮ್ಮು ಒತ್ತರಿಸಿ ಬಂತು.

ಅಕ್ಕ ಗದ್ದಕ್ಕೆ ಇಳಿಬಿಟ್ಟಿದ್ದ ಮಾಸ್ಕನ್ನು ಮೆಲ್ಲಗೆ ಮೂಗಿನ ಮೇಲಕ್ಕೆ ಎಳೆದುಕೊಂಡಳು.