ಹನ್ನೊಂದನೇ ನಂಬರಿನ ಮನೆ

ಹನ್ನೊಂದನೇ ನಂಬರಿನ ಮನೆಯಲ್ಲಿ ಒಬ್ಬರು ವಾಸವಿದ್ದಾರೆ ಎಂಬುದರಲ್ಲಿ ಲೈಮನ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಜಗಲಿಯ ಮೇಲೆ ಕೆಸರು ಮೆತ್ತಿದ ಬೂಟುಗಳಿದ್ದವು. ಕಿಟಕಿಯೊಳಗೆ ತೊಳೆದು ಕವುಚಿಟ್ಟ ಲೋಟ, ಒಂದೇ ಒಂದು. ಬಾಗಿಲ ಸಂದಿಯಲ್ಲಿ ಮಾತ್ರ, ಅಂಚೆಯಲ್ಲಿ ಬಂದ ಜನಗಣತಿಯ ಲಕೋಟೆ ಒಡೆಯದೆ ಹಾಗೇ ಸಿಕ್ಕಿಕೊಂಡಿತ್ತು.

ಅವನು ಬಾಗಿಲು ತಟ್ಟಿದ. ಮೂರು ದಿನದಲ್ಲಿ ಇದು ಮೂರನೆಯ ಸಲ. ಯಾರೂ ತೆಗೆಯಲಿಲ್ಲ. ಕಟಕಟೆಯ ಮೇಲೆ ಮಲಗಿದ್ದ ಬೂದು ಬೆಕ್ಕು ಅವನತ್ತ ಕಣ್ಣು ಕೂಡ ಬಿಡಲಿಲ್ಲ. ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿ, ಕೊಳೆತ ಎರಡನೇ ಮೆಟ್ಟಿಲನ್ನು ನೋಡದೆಯೇ ದಾಟಿ ಕೆಳಗಿಳಿದ.

ಗಿಲ್ಬಿ ಬೆಂಡ್ ಎಂಬುದು ನದಿಯ ಮೊಣಕೈಯಂಥ ತಿರುವಿನೊಳಗೆ ಸಿಕ್ಕಿಕೊಂಡ ಪಟ್ಟಣ. ಅನುಕೂಲವಿದ್ದವರು ದಿಬ್ಬದ ಮೇಲೆ, ಇಲ್ಲದವರು ಏರಿಯ ಕೆಳಗೆ, ವಾಟರ್ ಸ್ಟ್ರೀಟಿನಲ್ಲಿ. ಆ ಬೀದಿಯ ಒಂದರಿಂದ ಒಂಬತ್ತರವರೆಗಿನ ಮನೆಗಳು ಈಗ ನದಿಯೊಳಗಿವೆ. ಪ್ರವಾಹ ಬಂದಾಗಲೆಲ್ಲ ಊರು ನಾಲ್ಕು ಮನೆ ಕೊಟ್ಟು ಸುಮ್ಮನಾಗುತ್ತಿತ್ತು. ಮಕ್ಕಳು ಸೇತುವೆ ದಾಟಿ ಹೋಗುತ್ತಿದ್ದರು. ತಿರುಗಿ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಲೈಮನ್ ಮೂವತ್ತೊಂದು ವರ್ಷ ಸರಕು ದೋಣಿಗಳಲ್ಲಿ ಅಡುಗೆ ಮಾಡಿದವನು. ಅಷ್ಟೂ ಕಾಲ ಈ ಊರನ್ನು ನೀರಿನ ಮೇಲಿಂದಲೇ ಕಂಡಿದ್ದ: ಚರ್ಚಿನ ಶಿಖರ, ಜೋಳದ ಕಣಜ, ಆಮೇಲೆ ತಿರುವು. ಮಂಡಿ ಸೋತ ಮೇಲೆ, ಹೋದ ಅಕ್ಟೋಬರಿನಲ್ಲಿ, ದಡ ಸೇರಿದ. ಚಳಿಗಾಲವೆಲ್ಲ ದಿನಸಿ ಅಂಗಡಿಯವನ ಹೊರತು ಇನ್ನೊಬ್ಬರ ಜೊತೆ ಮಾತಿಲ್ಲ. ಗಣತಿ ಕೆಲಸಕ್ಕೆ ಸೇರಿದ್ದೂ ಅದಕ್ಕೇ, ಬಾಗಿಲು ತಟ್ಟಲು ಒಂದು ನೆಪ ಬೇಕಿತ್ತು.

ಅವನ ಮೇಲ್ವಿಚಾರಕಿ ರೋವೀನಾ ನದಿಯಾಚೆಯ ಊರಿನವಳು. ಅವಳ ಕಡತದಲ್ಲಿ ಲೈಮನ್ನನ ವಿಳಾಸವೆಂದರೆ ಅಂಚೆಕಚೇರಿಯ ಒಂದು ಪೆಟ್ಟಿಗೆಯ ನಂಬರು. ದೋಣಿಯವರೆಲ್ಲರದೂ ಹಾಗೇ.

"ಊರಿನ ಲೆಕ್ಕ ನಾನೂರ ತೊಂಬತ್ತೊಂಬತ್ತಕ್ಕೆ ನಿಂತಿದೆ ಲೈಮನ್," ಎಂದಿದ್ದಳು ಬೆಳಿಗ್ಗೆ. "ಐನೂರಾಗ್ದಿದ್ರೆ ನಿಮ್ಮ ಮೇಯರ್ ನನ್ನ ತಲೆ ತಿಂತಾರೆ. ಆ ಹನ್ನೊಂದು ಏನಾಯ್ತು?"

"ಬಾಗಿಲು ತೆಗೆಯೋರಿಲ್ಲ. ಆದ್ರೆ ಒಬ್ರಿದಾರೆ ಮೇಡಂ."

"ನೀವು ಹೇಳಿದ್ರೆ ಆಗಲ್ಲ. ಪಕ್ಕದ ಮನೆಯವರು ಹೇಳ್ಬೇಕು. ಇದಾರೆ ಅಂದ್ರೆ ಒಂದು, ಇಲ್ಲ ಅಂದ್ರೆ ಖಾಲಿ. ಮುಗೀತು."

ಆ ಪ್ರಶ್ನೆಯನ್ನೇ ಅವನು ಮೂರು ದಿನದಿಂದ ಮುಂದೂಡಿದ್ದ. ಪಕ್ಕದವರು ಖಾಲಿ ಎಂದರೆ ಖಾಲಿ ಎಂದೇ ಬರೆಯಬೇಕು. ಏಳು ತಿಂಗಳು ಒಬ್ಬ ಮನುಷ್ಯ ಉಸಿರಾಡಿದ್ದು ಯಾರ ಲೆಕ್ಕಕ್ಕೂ ಸಿಗಲಿಲ್ಲ ಎಂದು ಸರ್ಕಾರಿ ಕಾಗದವೇ ಹೇಳಿದ ಹಾಗಾಗುತ್ತದೆ.

ಹದಿಮೂರನೇ ನಂಬರು ಒಡೆಸಾ ಟೀಲ್ ಎಂಬ ಮುದುಕಿಯದು. ಎರಡು ಮನೆಗಳ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ಮುದುಕಿ ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಸರ್ಕಾರದೋರಾ? ನನ್ನ ಆಗ್ಲೇ ಎಣಿಸ್ಕೊಂಡು ಹೋದ್ರಲ್ಲ. ಎಂಬತ್ನಾಲ್ಕು ವರ್ಷಕ್ಕೆ ಇಬ್ಬರು ಅಂತ ಬರ್ಕೊಳ್ಳೋ ಹಂಗಿದ್ರೆ ಬರ್ಕೊಳ್ಳಿ, ನಂದೇನೂ ತಕರಾರಿಲ್ಲ."

"ನಿಮ್ಮದಲ್ಲಮ್ಮ. ಪಕ್ಕದ್ದು. ಹನ್ನೊಂದು."

"ಅಲ್ಲಿ ಯಾರಿದಾರೆ," ಎಂದಳು ಮುದುಕಿ.

ಲೈಮನ್ನನ ಪೆನ್ಸಿಲು ಕಾಗದದ ಮೇಲೆ ನಿಂತುಬಿಟ್ಟಿತು. 'ಖಾಲಿ' ಎಂಬ ಚೌಕ ಅದರ ಮೊನೆಯ ಕೆಳಗೇ ಇತ್ತು.

"ಯಾರೂ ಇಲ್ವಾ ಹಾಗಾದ್ರೆ?"

"ತಾಳಪ್ಪ, ಹೇಳೋಕೆ ಬಿಡು. ಯಾರಿದಾರೆ ಅಂದ್ರೆ ಹೆಸರು ಗೊತ್ತಿಲ್ಲ. ನಾನಂತೂ ಕೆಮ್ಮಪ್ಪ ಅಂತೀನಿ." ಬಟಾಣಿ ಸಿಪ್ಪೆಯನ್ನು ಬುಟ್ಟಿಗೆ ಎಸೆದಳು. "ಬೆಳಿಗ್ಗೆ ಐದಕ್ಕೆ ಮೂರು ಸಲ ಕೆಮ್ತಾನೆ. ಗಡಿಯಾರ ಬೇಡ. ಆಮೇಲೆ ಬಾಣಲೆ ಸದ್ದು. ಆಗ ನಾನೂ ಎದ್ದು ಕಾಫಿ ಇಡ್ತೀನಿ."

"ಮುಖ ನೋಡಿದೀರಾ?"

"ಕಣ್ಣಿಗೆ ಪೊರೆ ಬಂದಿದೆ. ನಿಮ್ಮ ಮುಖಾನೇ ಕಲಸಿಟ್ಟ ಹಿಟ್ಟಿನ ಥರ ಕಾಣ್ತಿದೆ. ಬೇಜಾರು ಮಾಡ್ಕೋಬೇಡಿ." ಇನ್ನೊಂದು ಬಟಾಣಿ ಕಾಯಿ ಸೀಳಿದಳು. "ಫೆಬ್ರವರೀಲಿ ಎರಡು ದಿನ ಕೆಮ್ಮು ಕೇಳ್ಲಿಲ್ಲ. ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಮೂರನೇ ದಿನ ಕೆಮ್ಮಿದ. ಮುಂಡೇದಕ್ಕೆ ಗೊತ್ತಾ ನಾನು ಕಾಯ್ತಿದ್ದೆ ಅಂತ?"

"ಗೊತ್ತಿರ್ಲಿಕ್ಕಿಲ್ಲ."

"ಹೋಗಿ ಮಾತಾಡ್ಸೋಣ ಅನ್ಕೋತೀನಿ. ಬಾಯಿಲ್ಲದೋರ ಹಂಗೆ ಇರೋನ ಹತ್ರ ಏನು ಮಾತು ಅಂತ ಸುಮ್ನಾಗ್ತೀನಿ."

ಲೈಮನ್ 'ಖಾಲಿ' ಚೌಕವನ್ನು ಬಿಟ್ಟು ಪಕ್ಕದ ಸಾಲಿಗೆ ಬಂದ. ಒಬ್ಬರು, ಎಂದು ಬರೆದ. ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ದುಂಡಗೆ ಬರೆದ. ಐನೂರಾಯಿತು. ಪೆಪ್ಪರ್‌ಮಿಂಟಿನ ಪೊಟ್ಟಣವನ್ನು ಅವಳತ್ತ ಚಾಚಿದ. ಒಂದೇ ಉಳಿದಿತ್ತು.

"ಪೂರ್ತಿ ಪೊಟ್ಟಣ ಖಾಲಿ ಮಾಡಿದೀರಲ್ಲ," ಎಂದು ತಡವಿ ನೋಡಿ ತೆಗೆದುಕೊಂಡಳು. ಆದರೆ ಬಾಯಿಗೆ ಹಾಕಿಕೊಳ್ಳಲಿಲ್ಲ. "ಒಂದು ಮಾತು. ಇವತ್ತು ಕೆಮ್ಮು ಕೇಳಿಲ್ಲ ನಂಗೆ. ನೀವು ಬಾಗಿಲು ತಟ್ಟಿದ್ರಲ್ಲ, ಒಳಗಿಂದ ಏನಾದ್ರೂ ಸದ್ದು?"

"ಇಲ್ಲಮ್ಮ."

ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು. "ಸತ್ತಿದ್ರೂ ಎಣಿಸ್ತೀರಾ?"

"ಹೋಗಿ ನೋಡ್ತೀನಿ."

"ಬಾಗಿಲು ಮುರೀತೀರಾ?"

"ಮುರಿಯೋದೇನೂ ಬೇಕಾಗಲ್ಲ."

ಮುದುಕಿ ಬಟಾಣಿಯ ಬುಟ್ಟಿಯನ್ನು ಕೆಳಗಿಟ್ಟು ಕಿವಿಯನ್ನು ಆ ಗೋಡೆಯ ಕಡೆ ತಿರುಗಿಸಿ ಕೂತಳು.

ಲೈಮನ್ ಕೊಳೆತ ಮೆಟ್ಟಿಲು ದಾಟಿ ಹತ್ತಿ, ಜೇಬಿನಿಂದ ಬೀಗದ ಕೈ ತೆಗೆದು ತನ್ನ ಮನೆಯ ಬಾಗಿಲು ತೆರೆದ. ಹದಿಮೂರರ ಕಡೆಯ ಗೋಡೆಗೆ ಒತ್ತಿ ನಿಂತು, ಪೆಪ್ಪರ್‌ಮಿಂಟನ್ನು ಅಂಗೈಗೆ ಉಗಿದು, ಬೆಳಗಿನಿಂದ ಹಿಡಿದಿಟ್ಟಿದ್ದ ಕೆಮ್ಮನ್ನು ಮೂರು ಸಲ ಕೆಮ್ಮಿದ.