ದೇವದತ್ತನ ಮಗಳು ಹೊಲಿದ ರವಿಕೆ

ಸಿನಿಮಾ ಸ್ಟಾರ್ ಮಗಳಿಗೆ ಬಟ್ಟೆ ಅಂಗಡಿ ನಡೆಸೋದು ಏನು ಮಹಾ ಕಷ್ಟ ಅಂತೀರಾ? ಸ್ವಲ್ಪ ತಾಳಿ... ಪೂರ್ತಿ ಓದಿ, ಆಮೇಲೆ ಹೇಳಿ.

ಇಂಚರ... ಹೆಸರಾಂತ ನಟ ದೇವದತ್ತನ ಒಬ್ಬಳೇ ಮಗಳು. ಫ್ಯಾಷನ್ ಡಿಸೈನ್ ಓದಿ, ಜಯನಗರದಲ್ಲಿ ಸ್ವಂತ ಬೊಟಿಕ್ ತೆರೆದು ನಾಲ್ಕು ತಿಂಗಳಾಗಿತ್ತು.

ಜನ ಬರುತ್ತಿದ್ದರು. ಅಪ್ಪನ ಫೋಟೋ ಮುಂದೆ ಸೆಲ್ಫಿ ತೆಗೆದುಕೊಂಡು, ಸರ್ ಯಾವಾಗ ಬರ್ತಾರೆ ಎಂದು ಕೇಳಿ ಹೋಗುತ್ತಿದ್ದರು. ಅವಳು ಹೊಲಿದ ಬಟ್ಟೆ ಮುಟ್ಟಿ ನೋಡುವವರೇ ಕಡಿಮೆ.

ಹುಟ್ಟಿದಾಗಿನಿಂದ ಎಲ್ಲಿ ಹೋದರೂ ಅವಳು "ದೇವದತ್ತನ ಮಗಳು". ಒಮ್ಮೆಯಾದರೂ ತನ್ನ ಕೆಲಸದಿಂದ ಯಾರಾದರೂ ತನ್ನನ್ನು ಗುರುತಿಸಬೇಕು... ಅದೊಂದೇ ಆಸೆ ಅವಳಿಗೆ.

ಹೀಗಿರುವಾಗ ಭಾರ್ಗವಿ ಎಂಬ ಹುಡುಗಿ ತನ್ನ ಧಾರೆ ಸೀರೆಯ ರವಿಕೆ ಹೊಲಿಯಲು ಕೊಟ್ಟಳು. ಬೊಟಿಕ್‌ಗೆ ಬಂದ ಮೊದಲ ಮದುವೆ ಆರ್ಡರ್!

ಅಂಗಡಿಯಲ್ಲಿ ನಸೀಮಾ ಆಂಟಿ ಅಂತ ಒಬ್ಬ ಹಳೇ ಟೈಲರ್ ಇದ್ದರು. ಒಳಗೆ ಒಂದಿಂಚು ಬಟ್ಟೆ ಬಿಡಮ್ಮ, ಬಿಗಿಯಾದರೆ ಬಿಚ್ಚಿ ಸಡಿಲ ಮಾಡಬಹುದು ಎಂದು ಅವರು ಹೇಳಿದರು. ಹೇಳಿದ ಮಾತು ಕೇಳಬೇಕಲ್ಲ!

ಫೋಟೋದಲ್ಲಿ ಫಿಟಿಂಗ್ ಎದ್ದು ಕಾಣಲಿ ಎಂದು ಇಂಚರ ಎರಡೂ ಪಕ್ಕ ಅರ್ಧರ್ಧ ಇಂಚು ಬಿಗಿ ಮಾಡಿದಳು. ಒಳಗೆ ಬಿಟ್ಟಿದ್ದ ಬಟ್ಟೆಯನ್ನೂ ಕತ್ತರಿಸಿ ಹಾಕಿದಳು.

ಹೊಲಿದು ಉಳಿದ ತುಂಡನ್ನು ರವಿಕೆ ಜೊತೆಗೇ ಗಿರಾಕಿಗೆ ವಾಪಸ್ ಕೊಡುವುದು ನಸೀಮಾ ಆಂಟಿಯ ರೂಢಿ. ಅಷ್ಟು ಚಂದದ ಬಾಕ್ಸಿನಲ್ಲಿ ಚಿಂದಿ ಇಡೋದಾ ಎಂದು ಇಂಚರ ಅದನ್ನೂ ನಿಲ್ಲಿಸಿದ್ದಳು.

ಟ್ರಯಲ್‌ಗೆ ಭಾರ್ಗವಿ ಬರಬೇಕಾಗಿದ್ದ ದಿನವೇ ಅಪ್ಪನ ಹೊಸ ಸಿನಿಮಾದ ಪ್ರಚಾರ ಬೊಟಿಕ್‌ನಲ್ಲಿ ನಡೆಯಿತು. ಟ್ರಯಲ್ ರದ್ದು. ಮದುವೆಯ ಹಿಂದಿನ ದಿನ ಬಾಕ್ಸು ನೇರವಾಗಿ ಛತ್ರಕ್ಕೇ ಹೋಯಿತು.

ಮದುವೆ ದಿನ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು...

"ಅಕ್ಕಾ, ಹುಕ್ ಹಾಕೋಕೇ ಆಗ್ತಿಲ್ಲ..." ಭಾರ್ಗವಿ ಅಳುತ್ತಿದ್ದಳು. ಮುಹೂರ್ತ ಒಂಬತ್ತೂ ಮುಕ್ಕಾಲಿಗೆ!

ಇಂಚರ ಸೂಜಿ ದಾರದ ಡಬ್ಬಿ ಹಿಡಿದು ಕಾರು ಹತ್ತಿದಳು. ದಾರಿಯಲ್ಲಿ ಅಪ್ಪನ ಮ್ಯಾನೇಜರ್‌ಗೆ ಫೋನಿನಲ್ಲಿ ವಿಷಯ ಹೇಳಿದರೆ ಅವನು ನಕ್ಕುಬಿಟ್ಟ.

"ಹುಡುಗಿ ದಪ್ಪ ಆಗಿದ್ದಾಳೆ ಅಂದ್ಬಿಡಿ ಮೇಡಂ. ಸರ್ ಹತ್ತು ನಿಮಿಷ ಬಂದು ಫೋಟೋಗೆ ನಿಂತ್ರೆ, ಬ್ಲೌಸ್ ಯಾರಿಗೆ ನೆನಪಿರತ್ತೆ?"

ಸುಳ್ಳಲ್ಲ... ಅಪ್ಪ ಬಂದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಯೋಚಿಸಿ ಹೇಳ್ತೀನಿ ಎಂದು ಫೋನ್ ಇಟ್ಟಳು.

ವಧುವಿನ ಕೋಣೆಗೆ ಕಾಲಿಟ್ಟಾಗ ಭಾರ್ಗವಿಯ ತಾಯಿ ಸುಭದ್ರಮ್ಮ ಮಗಳನ್ನು ಬೈಯುತ್ತಿದ್ದರು. ಬೀಗರ ಮನೆ ಊಟ, ಚಿಕ್ಕಮ್ಮನ ಮನೆ ಊಟ ಅಂತ ಬಾಯಿಗೆ ಬಿಡುವು ಕೊಟ್ಟಿದ್ದರೆ ಹೀಗಾಗುತ್ತಿತ್ತಾ ಎಂದು. ನೆಂಟರ ಮುಂದೆ ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ಇಂಚರ ಸುಮ್ಮನಿದ್ದರೆ ಸಾಕಿತ್ತು... ತಪ್ಪು ಆ ಹುಡುಗಿಯ ಮೇಲೇ ಹೋಗುತ್ತಿತ್ತು.

ಫೋನ್ ಮತ್ತೆ ಹೊಡೆದುಕೊಂಡಿತು. ಮ್ಯಾನೇಜರ್! ಅವಳು ಅದನ್ನು ಕಟ್ ಮಾಡಿದಳು.

"ಅವಳನ್ನ ಬೈಬೇಡಿ ಅಮ್ಮ. ಅಳತೆ ಸರಿಯಾಗೇ ಇತ್ತು. ಕೆಡಿಸಿದ್ದು ನಾನು."

ಅಪ್ಪನ ಹೆಸರಲ್ಲಿ ಅಂಗಡಿ ಇಟ್ಟರೆ ಇನ್ನೇನಾಗುತ್ತೆ ಎಂದು ಯಾರೋ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಸುಭದ್ರಮ್ಮ ಇಂಚರಳ ಕಡೆ ತಿರುಗಿದರು.

"ಅದೆಲ್ಲ ಆಮೇಲೆ. ಈಗೇನ್ ಮಾಡ್ತೀಯ, ಅದನ್ ಹೇಳು."

ಕಂಕುಳ ಕೆಳಗೆ ಎರಡು ಪಟ್ಟಿ ಸೇರಿಸಬೇಕು. ಆದರೆ ಅದೇ ರೇಷ್ಮೆ ಬೇಕಲ್ಲ! ಉಳಿದ ತುಂಡನ್ನು ತಾನೇ ಬಿಸಾಡಿಸಿದ್ದಳು. ನಸೀಮಾ ಆಂಟಿಗೆ ಫೋನ್ ಮಾಡಿದಳು.

"ಬೈಬೇಡಮ್ಮ... ಬಾಕ್ಸಿನ ತಳದಲ್ಲಿರೋ ಪೇಪರ್ ಎತ್ತಿ ನೋಡು. ಗಿರಾಕಿ ಬಟ್ಟೆ ಗಿರಾಕಿಗೇ ಸೇರಬೇಕು ಅಂತ ಇಟ್ಟಿದ್ದೆ."

ಪೇಪರ್ ಎತ್ತಿದಳು. ನೀಟಾಗಿ ಮಡಿಸಿಟ್ಟ ಅಂಗೈ ಅಗಲದ ಕೆಂಪು ರೇಷ್ಮೆ!

ಗಂಟೆ ಎಂಟೂ ಮುಕ್ಕಾಲು... ಇಂಚರ ಚಾಪೆಯ ಮೇಲೆ ಕೂತು ಹೊಲಿಗೆ ಬಿಚ್ಚಿದಳು. ಪಟ್ಟಿ ಕತ್ತರಿಸಿ ಕೈಹೊಲಿಗೆ ಹಾಕತೊಡಗಿದಳು. ಸುಭದ್ರಮ್ಮ ಎದುರಿಗೇ ನಿಂತಿದ್ದರು, ಕಣ್ಣು ಕದಲಿಸಲಿಲ್ಲ.

ಹೊರಗೆ ಓಲಗ ಶುರುವಾಯಿತು. ಪುರೋಹಿತರು ಹುಡುಗಿಯನ್ನು ಕರೆತನ್ನಿ ಎಂದು ಎರಡು ಸಲ ಹೇಳಿ ಕಳಿಸಿದರು. ದಾರ ಒಮ್ಮೆ ತುಂಡಾಯಿತು... ಮತ್ತೆ ಪೋಣಿಸಿದಳು.

ಒಂಬತ್ತೂವರೆಗೆ ಕೊನೆಯ ಹುಕ್ ಸಲೀಸಾಗಿ ಕೂತಿತು. ಭಾರ್ಗವಿ ಉದ್ದಕ್ಕೆ ಉಸಿರೆಳೆದುಕೊಂಡು ನಕ್ಕಳು. ಪಟ್ಟಿ ಸೇರಿಸಿದ್ದು ಹುಡುಕಿದರೂ ಕಾಣುತ್ತಿರಲಿಲ್ಲ.

ಧಾರೆ ಮುಗಿಯಿತು. ಇಂಚರ ಮೆಲ್ಲಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಫೋಟೋಗ್ರಾಫರ್ ಓಡಿ ಬಂದ. ನೀವು ದೇವದತ್ತ ಸರ್ ಮಗಳಲ್ವಾ, ಒಂದು ಫೋಟೋ ಎಂದ.

ಅಷ್ಟರಲ್ಲಿ ಹಿಂದಿನಿಂದ ಸುಭದ್ರಮ್ಮ ಬಂದು ಅವಳ ಕೈ ಹಿಡಿದುಕೊಂಡರು.

"ಯಾರ ಮಗಳೋ ಏನೋ, ನಂಗದು ಬೇಡಪ್ಪ. ಇವಳು ನನ್ ಮಗಳ ರವಿಕೆ ಹೊಲ್ದೋಳು. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿಲ್ಲ. ಮೊದ್ಲು ಊಟಕ್ಕೆ ಕೂರಲಿ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳನ್ನು ಒಬ್ಬರು ಹಾಗೆ ಪರಿಚಯಿಸಿದ್ದರು...

ಇಂಚರ ಎಲೆಯ ಮುಂದೆ ಕೂತಳು. ಕಣ್ಣೀರು ಹರಿಯುತ್ತಲೇ ಇತ್ತು. ಸುಭದ್ರಮ್ಮ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಈಗ ಆ ಬೊಟಿಕ್‌ನಿಂದ ಹೋಗುವ ಪ್ರತಿ ಬಾಕ್ಸಿನಲ್ಲೂ ರವಿಕೆಯ ಮೇಲೆಯೇ ಕಾಣುವಂತೆ ಒಂದು ತುಂಡು ಬಟ್ಟೆ ಇರುತ್ತದೆ. ಅದನ್ನು ಮಡಿಸಿ ಇಡುವುದು ಇಂಚರಳೇ.

ಅಪ್ಪನ ಹೆಸರು ನಮ್ಮನ್ನು ಬಾಗಿಲವರೆಗೆ ತರಬಹುದು... ಒಳಗೆ ಕರೆದು ಊಟಕ್ಕೆ ಕೂರಿಸುವುದು, ತಪ್ಪನ್ನು ಒಪ್ಪಿಕೊಂಡು ತಿದ್ದುವ ನಮ್ಮ ಕೈಯೇ.

ನಿಮ್ಮ ತಪ್ಪಿಗೆ ಬೇರೆಯವರು ತಲೆ ತಗ್ಗಿಸಿ ಕೂತಿದ್ದಾಗ... ನೀವು ಬಾಯಿ ಬಿಟ್ಟಿದ್ದಿರಾ, ಸುಮ್ಮನಿದ್ದಿರಾ?